ಕಾಶಿಯ ಕೂಗಿಗೆ ತಲೆಕಟ್ಟು

ಅಂಕೋಲೆಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಕ್ರಿಕೆಟ್ ಟೂರ್ನಮೆಂಟು, ಊರಿನಲ್ಲಿ ಏನೇ ನಡೆದರೂ ಮೊದಲು ಗೊತ್ತಾಗುವುದು ನನಗೆ. ನನ್ನ ಕಸುಬಿನಲ್ಲಿ ಅಕ್ಷರಕ್ಕೆ ಇರುವುದು ಒಂದೇ ಕೆಲಸ. ಓಡುವ ಬೈಕಿನ ಮೇಲೆ ಕೂತವನಿಗೂ ಅದು ಓದಲಿಕ್ಕೆ ಬರಬೇಕು, ಅಷ್ಟೆ. ಹಾಗಾಗಿ ಮನಿಷಾ ತನ್ನ ಅಕ್ಷರಗಳನ್ನು ಮೊದಲ ಸಲ ತಂದು ತೋರಿಸಿದಾಗ ನನಗೆ ಸಿಟ್ಟು ಬಂತು. ಒಂದು ಅಕ್ಷರ ನಿಂತಿದೆ, ಇನ್ನೊಂದು ಮಲಗಿದೆ, ಮತ್ತೊಂದು ಪಕ್ಕದ್ದರ ಮೇಲೆ ಹತ್ತಿ ಕೂತಿದೆ. ಇದನ್ನು ಕಲಿಸಲಿಕ್ಕೆ ಒಂದು ಕಾಲೇಜು ಬೇಕೇನೇ ಎಂದು ಕೇಳಿಯೇಬಿಟ್ಟೆ.

ಮನಿಷಾ ಇಲ್ಲೇ ಕಡಲದಂಡೆಯ ಕೇಣಿಯವಳು. ಅವಳ ಅಪ್ಪ ರಾಜೀವ ಮತ್ತು ಚಿಕ್ಕಪ್ಪ ರೋಹಿತ ಒಂದೇ ದೋಣಿಯಲ್ಲಿ ಮೀನಿಗೆ ಹೋಗುವವರು. ತಾಯಿ ಕಾಶಿ ಬುಟ್ಟಿ ಹೊತ್ತುಕೊಂಡು ನಮ್ಮ ಓಣಿಗೆ ಮೀನು ತರುವವಳು. ಪಿಯುಸಿ ಮುಗಿದ ರಜೆಯಲ್ಲಿ ಈ ಹುಡುಗಿ ನನ್ನ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಕೈ ಚುರುಕು, ಕಣ್ಣು ಇನ್ನೂ ಚುರುಕು, ಆದರೆ ಅವಳಷ್ಟು ಹೆದರುಪುಕ್ಕಲಿಯನ್ನು ನಾನು ಕಂಡಿಲ್ಲ. ಮಷಿನ್ನಿಗೆ ಫೈಲು ಕೊಟ್ಟ ಮೇಲೆ ಫ್ಲೆಕ್ಸು ಪೂರ್ತಿ ಹೊರಗೆ ಬರುವತನಕ ಅವಳಿಗೆ ಕೂರಲಿಕ್ಕಾಗುತ್ತಿರಲಿಲ್ಲ. ಸತ್ತವರ ಫೋಟೊದ ಕೆಳಗೆ ದುಃಖತಪ್ತರ ಹೆಸರು ಬಿದ್ದುಬಿಟ್ಟರೆ ಏನು ಗತಿ ಎಂದು ಹೆಬ್ಬೆರಳಿನ ಉಗುರು ಕಚ್ಚುತ್ತ ನಿಲ್ಲುವಳು. ಹಾಗೆ ಒಮ್ಮೆಯೂ ಆಗಲಿಲ್ಲ. ಆದರೂ ಮರುದಿನ ಮತ್ತೆ ಅದೇ ಕಥೆ.

ಮುಂದೆ ಗೋವಾದ ಒಂದು ಕಲಾ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನಿಗೆ ಸೀಟು ಸಿಕ್ಕಿತು. ಮಾಜಾಳಿಯಲ್ಲಿ ತಾಯಿಯ ತಂಗಿ ಮಾವಶಿಯ ಮನೆಯಲ್ಲಿ ಉಳಿದು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಗಡಿ ದಾಟಿ ಹೋಗುವಳು, ಸಂಜೆ ಬರುವಳು. ಅಲ್ಲಿ ಬೆಂಗಳೂರಿನಿಂದ, ಧಾರವಾಡದಿಂದ ಬಂದ ಹುಡುಗರು ಇವಳು ಕನ್ನಡ ಮಾತಾಡಿದರೆ ನಗುತ್ತಿದ್ದರಂತೆ. ಮಾತಾಡ್ತೀಯೋ ಹಾಡ್ತೀಯೋ ಎಂದು ಕೇಳುತ್ತಿದ್ದರಂತೆ. ಮೊದಲ ವರ್ಷವಿಡೀ ಹುಡುಗಿ ಬಾಯಿ ಮುಚ್ಚಿಕೊಂಡು ಕಳೆದಳು. ಕೊನೆಯ ವರ್ಷದಲ್ಲಿ ಪ್ರಾಜೆಕ್ಟು ಏನು ಎಂದು ಮೇಷ್ಟ್ರು ಕೇಳಿದಾಗ, ಆ ಹಾಡನ್ನೇ ಅಕ್ಷರ ಮಾಡುತ್ತೇನೆ ಎಂದಳು.

ಅವಳು ಮಾಡಿದ್ದು ಇಷ್ಟು. ಜನ ಮಾತಾಡುವುದನ್ನು ಮೊಬೈಲಿನಲ್ಲಿ ಹಿಡಿಯುವುದು. ದನಿ ಎಲ್ಲಿ ಏರುತ್ತದೋ ಅಲ್ಲಿ ಅಕ್ಷರದ ತಲೆಕಟ್ಟು ಏರುವುದು, ಎಲ್ಲಿ ಇಳಿಯುತ್ತದೋ ಅಲ್ಲಿ ಬಾಗುವುದು, ಎಳೆದಷ್ಟು ಉದ್ದಕ್ಕೆ ದೀರ್ಘ ಚಾಚಿಕೊಳ್ಳುವುದು. ಕಾರವಾರದ ರಿಕ್ಷಾದವರ ಮಾತಿನಲ್ಲಿ ಸಾಲಿನ ಕೊನೆಯ ತಲೆಕಟ್ಟು ಗಕ್ಕನೆ ಮೇಲೆದ್ದಿತ್ತು. ರಾಮನಗುಳಿ ಕಡೆಯ ಒಬ್ಬ ಕಂಡಕ್ಟರನ ಮಾತಿನಲ್ಲಿ ಅಕ್ಷರಗಳು ಸಂಜೆ ಬಸ್ಸಿನ ಜನರ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಅಂಕೋಲೆಯ ಅಕ್ಷರಗಳಿಗೆ ಯಾವ ಗಡಿಬಿಡಿಯೂ ಇರಲಿಲ್ಲ. ವಿವರಿಸಿ ಹೇಳಿದ ಮೇಲೆ ನನಗೂ ಕಣ್ಣಿಗೆ ಕಂಡಿತು, ಅಷ್ಟೇ ಅಲ್ಲ, ಓದುವಾಗ ಕಿವಿಗೂ ಕೇಳಿತು. ಹೊಗಳಿದರೆ ಹುಡುಗಿ ಇನ್ನಷ್ಟು ಹೆದರುತ್ತಾಳೆ ಎಂದು ಪರವಾಗಿಲ್ಲ ಎಂದಷ್ಟೇ ಹೇಳಿದೆ.

ಎಲ್ಲದರಲ್ಲೂ ದೊಡ್ಡದು ಅವಳ ತಾಯಿಯ ಕೂಗು. ಈ ಕೂಗಿನ ವಿಷಯ ಸ್ವಲ್ಪ ಹೇಳಬೇಕು. ಮನೆಮನೆಗೆ ಮೀನು ತರುವ ಹೆಂಗಸರಿಗೆ ಒಬ್ಬೊಬ್ಬರಿಗೆ ಒಂದೊಂದು ಓಣಿ. ಒಬ್ಬಳ ಓಣಿಗೆ ಇನ್ನೊಬ್ಬಳು ಕಾಲಿಡುವುದಿಲ್ಲ. ಕಾಶಿಗೆ ನಮ್ಮ ಓಣಿ ಬಂದದ್ದು ಅತ್ತೆಯಿಂದ. ಓಣಿಯ ಜೊತೆ ಅತ್ತೆಯ ಕೂಗೂ ಬಂತು. "ಮೀನೇ, ಅಮ್ಮಾ, ಮೀನೇ" ಎನ್ನುವ ಮೂರೇ ಮಾತು. ಆದರೆ ಆ ಎರಡನೆಯ ಮೀನೇ ಎಷ್ಟು ದೂರ ಹೋಗಿ, ಎಲ್ಲಿ ತಿರುಗಿ, ಹೇಗೆ ಕೆಳಗಿಳಿಯಬೇಕು ಎನ್ನುವುದಿದೆಯಲ್ಲ, ಅದನ್ನು ಮುದುಕಿ ಸೊಸೆಯನ್ನು ಜೊತೆಗೆ ಕರೆದುಕೊಂಡು ತಿರುಗಿಯೇ ಕಲಿಸಿದ್ದು. ಕಿರಿ ಸೊಸೆ, ರೋಹಿತನ ಹೆಂಡತಿ ಪ್ರೀತಿಯೂ ಅದನ್ನು ಕಲಿತಿದ್ದಳು. ಆದರೆ ಮುದುಕಿ ಸಾಯುವ ಮುಂಚೆ ಭಾಗ ಮಾಡಿಟ್ಟಳು. ಪ್ರೀತಿಗೆ ಮೀನುಪೇಟೆಯಲ್ಲಿ ಕೂರುವ ಜಾಗ, ಕಾಶಿಗೆ ಓಣಿ ಮತ್ತು ಕೂಗು. ಪೇಟೆಯಲ್ಲಿ ಕೂತವಳು ಆ ಕೂಗನ್ನು ಬಾಯಲ್ಲಿ ತರುವ ಹಾಗಿಲ್ಲ. ಪ್ರೀತಿ ತರಲೂ ಇಲ್ಲ.

ನನ್ನ ಹೆಂಡತಿ ಗಾಯತ್ರಿ ಗಡಿಯಾರ ನೋಡುವುದಿಲ್ಲ. ಕಾಶಿಯ ಕೂಗು ಓಣಿಯ ತುದಿಯಲ್ಲಿ ಕೇಳಿದರೆ ತೆಂಗಿನಕಾಯಿ ತುರಿಯಲಿಕ್ಕೆ ಕೂರುತ್ತಾಳೆ, ಗೇಟಿನ ಹತ್ತಿರ ಕೇಳಿದರೆ ಪಾತ್ರೆ ಹಿಡಿದು ಏಳುತ್ತಾಳೆ. ಬಂಗಡೆಯೋ ನೊಗಲಿಯೋ ಎಂಬುದು ಆಮೇಲಿನ ಮಾತು. ಓಣಿಯ ಎಲ್ಲ ಮನೆಗಳಲ್ಲೂ ಹೀಗೇ.

ಒಂದು ಶನಿವಾರ ಮನಿಷಾ ತಾಯಿಯ ಹಿಂದೆ ಓಣಿಯುದ್ದಕ್ಕೂ ಮೊಬೈಲು ಹಿಡಿದು ನಡೆದಳು. ಕಾಲೇಜಿಗೆ ಬೇಕಂತೆ ಎಂದು ಕಾಶಿ ಎಲ್ಲರಿಗೂ ಹೇಳಿಕೊಂಡು ನಕ್ಕಳು. ಮಗಳು ಆ ಕೂಗಿಗೆ ಅಕ್ಷರ ಮಾಡಿದಳು, ಆ ಅಕ್ಷರಗಳು ದನಿಯ ಜೊತೆ ಪರದೆಯ ಮೇಲೆ ಏರಿ ಇಳಿದು ಉದ್ದವಾಗುವ ಹಾಗೆ ಚಿಕ್ಕ ವಿಡಿಯೊ ಮಾಡಿದಳು, ಮೇಷ್ಟ್ರು ಚೆನ್ನಾಗಿದೆ ಎಂದದ್ದಕ್ಕೆ ಇನ್‌ಸ್ಟಾಗ್ರಾಮಿಗೆ ಹಾಕಿದಳು. ಹಾಕುವ ಮುಂಚೆ ಹತ್ತು ಸಲ ಯೋಚಿಸಿದಳಂತೆ. ಅಕ್ಷರ ಸರಿಯಿದೆಯೋ, ಬಣ್ಣ ಹೆಚ್ಚಾಯಿತೋ, ಜನ ನಗುತ್ತಾರೋ ಎಂದೆಲ್ಲ. ತಾಯಿಯನ್ನು ಕೇಳಬೇಕು ಎನ್ನುವುದೊಂದು ಮಾತ್ರ ಹೊಳೆಯಲಿಲ್ಲ. ಎಲ್ಲದಕ್ಕೂ ಹೆದರುವವಳು ಹೆದರಲೇಬೇಕಾದ ಕಡೆ ಹೆದರದೇ ಹೋದಳು ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಯಾರೂ ನಗಲಿಲ್ಲ. ಮುಂಬೈಯಿಂದ, ದುಬೈಯಿಂದ ಅಂಕೋಲೆಯವರು ಬರೆದರು. ಊರು ನೆನಪಾಯಿತು, ಕಣ್ಣಲ್ಲಿ ನೀರು ಬಂತು ಎಂದರು. ಒಬ್ಬರಿಂದೊಬ್ಬರಿಗೆ ಹೋಗಿ ಅದು ವಾಟ್ಸಾಪಿಗೂ ಇಳಿಯಿತು. ಮನಿಷಾ ನನಗೆ ಫೋನು ಮಾಡಿ ಖುಷಿಯನ್ನೂ ಹೆದರುತ್ತಲೇ ಹೇಳಿದಳು.

ಆಮೇಲೆ ಒಂದು ಬೆಳಿಗ್ಗೆ ಓಣಿಯ ತುದಿಯಲ್ಲಿ ಕಾಶಿಯ ಕೂಗು ಕೇಳಿತು. ಅವಳು ಬರುವ ಹೊತ್ತಿಗಿಂತ ಎಷ್ಟೋ ಮುಂಚೆ. ಗಾಯತ್ರಿ ಪಾತ್ರೆ ಹಿಡಿದು ಹೊರಗೆ ಹೋದಳು. ಗೇಟಿನ ಮುಂದೆ ಕಾಶಿ ಇರಲಿಲ್ಲ, ತಲೆಯ ಮೇಲೆ ಸ್ಪೀಕರ್ ಕಟ್ಟಿಕೊಂಡ ಒಂದು ಮಾರುತಿ ಓಮ್ನಿ ಇತ್ತು. ಅದರಲ್ಲಿ ಐಸಿನ ಡಬ್ಬಿಗಳು, ಸ್ಟೀರಿಂಗಿನ ಹಿಂದೆ ಕಾರವಾರ ಕಡೆಯ ವಿನೋದ ಎಂಬವನು. ಹೇಗೂ ಹೊರಗೆ ಬಂದದ್ದಾಯಿತು ಎಂದು ಗಾಯತ್ರಿ ಅವನ ಹತ್ತಿರವೇ ಬಂಗಡೆ ತೆಗೆದುಕೊಂಡಳು. ಅಕ್ಕಪಕ್ಕದವರೂ ತೆಗೆದುಕೊಂಡರು. ನಾನು ಹಲ್ಲುಜ್ಜುತ್ತ ಕಿಟಕಿಯಲ್ಲಿ ನಿಂತಿದ್ದೆ. ಆ ದನಿ ಎಲ್ಲಿಂದ ಬಂದದ್ದು ಎಂದು ನನಗೆ ಕೂಡಲೇ ಗೊತ್ತಾಯಿತು.

ಕಾಶಿ ಬಂದಾಗ ಯಾರಿಗೂ ಮೀನು ಬೇಡವಾಗಿತ್ತು. ಮರುದಿನವೂ ಹಾಗೇ. ಹೆಂಗಸರು ಮುಜುಗರದಿಂದ, ನಿನ್ನ ದನಿ ಅಂದುಕೊಂಡೇ ಹೊರಗೆ ಬಂದೆವು ಮಾರಾಯ್ತಿ ಎಂದರು. ಒಂದು ದಿನ ಅವಳು ಬೇಗ ಹೊರಟು ಬಂದು ಓಣಿಯ ಮೂಲೆಯಲ್ಲಿ ನಿಂತು ಆ ಸ್ಪೀಕರನ್ನು ಕಿವಿಯಾರೆ ಕೇಳಿದಳು. ತನ್ನ ದನಿ ತನ್ನ ಕಿವಿಗೆ ಹೊರಗಿನಿಂದ ಹೇಗೆ ಕೇಳುತ್ತದೆ ಎಂದು ಅವಳಿಗೇನು ಗೊತ್ತು? ಅವಳ ಹತ್ತಿರ ಇರುವುದು ಗುಂಡಿ ಒತ್ತುವ ಹಳೇ ಮೊಬೈಲು, ಮಗಳು ಹಿಡಿದದ್ದು ಕಾಲೇಜಿನಲ್ಲೇ ಉಳಿದಿದೆ ಎಂದೇ ಅವಳು ತಿಳಿದಿದ್ದಳು. ಆ ಕೂಗು ಬಲ್ಲವರು ಭೂಮಿಯ ಮೇಲೆ ಇಬ್ಬರೇ. ಒಬ್ಬಳು ತಾನು, ಇನ್ನೊಬ್ಬಳು ವಾರಗಿತ್ತಿ ಪ್ರೀತಿ. ಪ್ರೀತಿ ಅತ್ತೆಯ ಕೂಗನ್ನು ಓಮ್ನಿಯವನಿಗೆ ಮಾರಿದ್ದಾಳೆ ಎಂದು ಕಾಶಿ ಅಲ್ಲೇ ತೀರ್ಮಾನ ಮಾಡಿದಳು.

ನಾನು ಮನಿಷಾಳಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವಳು ಆಗಿಂದಾಗಲೇ ವಿಡಿಯೊ ತೆಗೆದುಹಾಕಿದಳು. ಆದರೆ ಊರೆಲ್ಲ ಹಂಚಿಹೋದದ್ದನ್ನು ತೆಗೆಯುವುದು ಹೇಗೆ? ಇಬ್ಬರೂ ವಿನೋದನನ್ನು ಹುಡುಕಿಕೊಂಡು ಹೋದೆವು. ಅವನು ಕೆಟ್ಟವನಲ್ಲ, ಅದೇ ಕಷ್ಟ. ಗಂಟಲು ಹರಿಯುವ ಹಾಗೆ ಕೂಗುತ್ತಿದ್ದವನಿಗೆ ಯಾರೋ ಇದನ್ನು ಕಳಿಸಿದ್ದರು, ಹಾಕಿದ, ಜನ ಬಂದರು.

"ನಾ ಎಂತಾ ಕದ್ದೆ ಹೇಳಿ ಭಾಸ್ಕರಣ್ಣ" ಎಂದ. "ಎಲ್ಲಾರ ಮೊಬೈಲಲ್ಲೂ ಅದೇ ಇತ್ತು. ಮಾಡ್ದವ್ರೇ ಊರಿಗೆಲ್ಲ ಹಂಚಿದ್ರಲ್ಲ."

ಇನ್ನು ಅದನ್ನು ಹಾಕಬೇಡ ಎಂದು ನಾನು ಕೇಳಿಕೊಂಡೆ. ನೋಡುವಾ ಎಂದ ವಿನೋದ. ನೋಡುವಾ ಎಂದರೆ ನಮ್ಮ ಕಡೆ ಇಲ್ಲ ಎಂದೇ ಅರ್ಥ.

ಈಗಲೇ ಹೋಗಿ ತಾಯಿಗೆ ಹೇಳು ಎಂದೆ. ಕೊನೆಯ ಜ್ಯೂರಿ ಹತ್ತಿರ ಬಂದಿತ್ತು. ಹೊರಗಿನ ಪರೀಕ್ಷಕರ ಮುಂದೆ ಮೂರು ವರ್ಷದ ಕೆಲಸ ಇಡಬೇಕಿತ್ತು, ಅದರ ನಡುವೆ ಇದ್ದದ್ದು ಈ ಕೂಗೇ. ತಾಯಿ ಬೇಡ ಎಂದುಬಿಟ್ಟರೆ ಏನೂ ಉಳಿಯುವುದಿಲ್ಲ.

"ಜ್ಯೂರಿ ಮುಗಿಲಿ, ಭಾಸ್ಕರಣ್ಣ. ಮುಗಿದ ಕೂಡ್ಲೆ ನಾನೇ ಆಯಿಗೆ ಹೇಳ್ತೆ" ಎಂದು ಕೈ ಮುಗಿದಳು. ಹೆಬ್ಬೆರಳಿನ ಉಗುರು ಕಚ್ಚಿ ಕಚ್ಚಿ ರಕ್ತ ಬಂದಿತ್ತು. ನಾನು ಸುಮ್ಮನಾದೆ.

ಆದರೆ ಕೇಣಿಯಲ್ಲಿ ಸುಮ್ಮನಾಗುವವರು ಯಾರೂ ಇರಲಿಲ್ಲ. ಕಾಶಿ ಪ್ರೀತಿಯ ಜೊತೆ ಮಾತು ಬಿಟ್ಟಳು. ಬಾವಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಕಳ್ಳಿ ಎಂದಳು. ಪ್ರೀತಿ ಮೊದಲು ಅತ್ತಳು, ಆಮೇಲೆ ಅವಳಿಗೂ ಕೆರಳಿತು. ಗಂಡಂದಿರು ಒಂದೇ ದೋಣಿಯಲ್ಲಿ ಹೋಗಿ ಬಂದರೂ ಬಲೆ ಎಳೆಯುವಾಗ ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವಂತೆ. ಇದೆಲ್ಲ ನನಗೆ ಗೊತ್ತಾಗುತ್ತಿದ್ದದ್ದು ಗಾಯತ್ರಿಯಿಂದ. ಕಾಶಿ ಖಾಲಿಯಾಗದ ಬುಟ್ಟಿಯನ್ನು ನಮ್ಮ ಮೆಟ್ಟಿಲ ಮೇಲಿಟ್ಟು ಅವಳ ಹತ್ತಿರ ಹೇಳಿಕೊಳ್ಳುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಗುಟ್ಟು ಇಟ್ಟುಕೊಂಡು ನಾನು ಅಂಗಡಿಗೆ ಬೇಗ ಹೊರಡುತ್ತಿದ್ದೆ.

ಜ್ಯೂರಿಯ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಗಾಯತ್ರಿ ಹೇಳಿದಳು. ಕೂಗು ಮಾರಿದ್ದು ತಾನಲ್ಲ ಎಂದು ಇವತ್ತು ಸಂಜೆ ಪ್ರೀತಿ ದೋಣಿ ಮುಟ್ಟಿ ಆಣೆ ಮಾಡುತ್ತಾಳಂತೆ. ನಾನು ತಟ್ಟೆ ಬಿಟ್ಟು ಎದ್ದೆ. ಆ ಮನೆತನದಲ್ಲಿ ದೋಣಿಯ ಮೂತಿಗೆ ಕೈಯಿಟ್ಟು ಆಣೆ ಮಾಡುವುದು ಕಡೆಯ ಮಾತು. ಆಣೆ ಕೇಳಿದವರು, ಆಣೆ ಮಾಡಿದವರು ಆಮೇಲೆ ಒಂದೇ ದೋಣಿಯಲ್ಲಿ ಹೋಗುವ ಹಾಗಿಲ್ಲ. ಸತ್ಯವೋ ಸುಳ್ಳೋ, ನಂಬಿಕೆ ಹೋಯಿತು ಎಂದ ಮೇಲೆ ನೀರಿನ ಮೇಲೆ ಒಬ್ಬರನ್ನೊಬ್ಬರು ನೆಚ್ಚಿಕೊಳ್ಳುವುದು ಹೇಗೆ? ರಾಜೀವ, ರೋಹಿತರ ಅಜ್ಜನ ಕಾಲದಿಂದ ಒಂದಾಗಿದ್ದ ದೋಣಿ ಅವತ್ತು ಸಂಜೆಗೆ ಒಡೆಯುತ್ತಿತ್ತು.

ಕೈ ತೊಳೆಯದೇ ಫೋನು ಮಾಡಿದೆ. ಮನಿಷಾ ಕಾಲೇಜಿನಲ್ಲಿ ಗೋಡೆಗೆ ಪೋಸ್ಟರು ಹಚ್ಚುತ್ತಿದ್ದಳು. ಹೇಳಿದ್ದನ್ನು ಕೇಳಿ ಫೋನು ಇಟ್ಟಳು. ಸ್ವಲ್ಪ ಹೊತ್ತಿಗೆ ಬಸ್ಸಿನ ಸದ್ದಿನ ನಡುವಿನಿಂದ ಫೋನು ಬಂತು, ಹೊರಟಿದ್ದೇನೆ ಎಂದು. ಆಮೇಲೆ ಫೋನಿನ ಮೇಲೆ ಫೋನು. ಮಾಜಾಳಿ ಬಂತು. ಕಾರವಾರದಲ್ಲಿ ಬಸ್ಸು ಬದಲಿಸಬೇಕು, ಅಂಕೋಲೆಯ ಬಸ್ಸು ಹೊರಡುತ್ತಿಲ್ಲ, ಡ್ರೈವರ್ ಚಾ ಕುಡಿಯುತ್ತ ನಿಂತಿದ್ದಾನೆ. ಅಪ್ಪ, ಆಯಿ ಫೋನು ಎತ್ತುತ್ತಿಲ್ಲ, ಚಿಕ್ಕಿ ಪ್ರೀತಿಯೂ ಎತ್ತುತ್ತಿಲ್ಲ. ನಾನೇ ಕೇಣಿಗೆ ಹೋಗಿ ಹೇಳಿಬಿಡಲೇ ಎಂದು ಕೇಳಿದೆ. ಬೇಡ, ಬೇರೆಯವರ ಬಾಯಿಂದ ಕೇಳಿದರೆ ಆಯಿ ನನ್ನ ಮುಖ ನೋಡುವುದಿಲ್ಲ ಎಂದಳು. ನಾನು ಸ್ಕೂಟರಿನ ಮೇಲೆ ಬಸ್ ಸ್ಟ್ಯಾಂಡಿನ ಗೇಟಿನಲ್ಲಿ ಕಾದೆ. ಬಿಸಿಲು ಇಳಿಯುತ್ತಿತ್ತು, ನನಗೆ ಬೆವರು ಇಳಿಯುತ್ತಿತ್ತು.

ನಾವು ಕೇಣಿಯ ದಂಡೆ ಮುಟ್ಟಿದಾಗ ಜನ ಸೇರಿದ್ದರು. ದೋಣಿಯನ್ನು ಮರಳಿನ ಮೇಲೆ ಎಳೆದು ನಿಲ್ಲಿಸಿದ್ದರು. ಅದರ ಮುಂದೆ ಒಂದು ತೆಂಗಿನಕಾಯಿ, ಸ್ವಲ್ಪ ಹೂವು. ಕಾಶಿ ಒಂದು ಬದಿಗೆ ಕಲ್ಲಿನ ಹಾಗೆ ನಿಂತಿದ್ದಳು. ರಾಜೀವ, ರೋಹಿತ ದೂರದಲ್ಲಿ ಬಲೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು. ಪ್ರೀತಿ ಸಮುದ್ರದಲ್ಲಿ ಕಾಲು ತೊಳೆದು ಸೆರಗು ಸಿಕ್ಕಿಸಿಕೊಂಡು ದೋಣಿಯ ಕಡೆ ಬರುತ್ತಿದ್ದಳು. ಸ್ಕೂಟರು ನಿಲ್ಲುವ ಮೊದಲೇ ಮನಿಷಾ ಹಾರಿ ಓಡಿದಳು, ಮರಳಿನಲ್ಲಿ ಒಮ್ಮೆ ಬಿದ್ದು ಎದ್ದಳು.

"ಚಿಕ್ಕಿ, ಮುಟ್ಬೇಡ" ಎಂದಳು. ಉಸಿರು ಸಾಲುತ್ತಿರಲಿಲ್ಲ. ಪ್ರೀತಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ತಾಯಿಯ ಕಡೆ ತಿರುಗಿದಳು. "ಆಯಿ, ಅದು ಚಿಕ್ಕಿ ಅಲ್ಲ. ಅದು ನಿಂದೇ ದನಿ. ಮೊಬೈಲಲ್ಲಿ ಹಿಡಿದು ಊರಿಗೆಲ್ಲ ಬಿಟ್ಟದ್ದು ನಾನು."

ಕಾಶಿ ನಂಬಲಿಲ್ಲ. ಚಿಕ್ಕಿಯನ್ನು ಉಳಿಸಲಿಕ್ಕೆ ಮಗಳು ಸುಳ್ಳು ಹೇಳುತ್ತಿದ್ದಾಳೆ ಎಂದೇ ತಿಳಿದಳು. ಮನಿಷಾ ಮೊಬೈಲು ತೆಗೆದು ಆ ವಿಡಿಯೊ ಹಚ್ಚಿದಳು. ಪರದೆಯ ಮೇಲೆ ಆ ಅಕ್ಷರಗಳು ಏರಿದವು, ಚಾಚಿದವು, ತಿರುಗಿ ಇಳಿದವು. ಕಾಶಿಗೆ ಓದು ಅಷ್ಟಕ್ಕಷ್ಟೆ, ಅವಳು ನೋಡಲಿಲ್ಲ, ಕಿವಿ ಕೊಟ್ಟಳು.

"ಇದು ನಾನಲ್ಲ" ಎಂದಳು. "ಇದು ನಮ್ ಅತ್ತೆ."

"ಅತ್ತೆ ಅಲ್ಲ ಅಕ್ಕ, ನೀನೇ" ಎಂದಳು ಪ್ರೀತಿ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ನೀ ಹಿಂಗೇ ಕೂಗುದು. ಅತ್ತೆ ಹೋದ್ಮೇಲೆ ನಾ ದಿನಾ ಕೇಳ್ತೆ ಅಲ್ವಾ."

ಕಾಶಿ ಇನ್ನೊಮ್ಮೆ ಹಚ್ಚು ಎಂದಳು. ಮತ್ತೊಮ್ಮೆ ಹಚ್ಚು ಎಂದಳು. ಮಗಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಇದನ್ನು ಯಾರ್ಯಾರು ಕೇಳಿದ್ದಾರೆ ಎಂದಷ್ಟೇ ಕೇಳಿದಳು. ಎಲ್ಲರೂ ಎಂದಳು ಮನಿಷಾ. ಕಾಶಿ ಬಗ್ಗಿ ಆ ತೆಂಗಿನಕಾಯಿ ಎತ್ತಿ ಪ್ರೀತಿಯ ಕೈಗಿಟ್ಟಳು, ಸಾರಿಗೆ ಹಾಕು ಎಂದಳು. ಇಬ್ಬರೂ ಒಂದೇ ದಾರಿಯಲ್ಲಿ ಮನೆಗೆ ಹೋದರು. ಗಂಡಂದಿರು ಎದ್ದು ದೋಣಿಯನ್ನು ಸರಿಯಾಗಿ ನಿಲ್ಲಿಸಲಿಕ್ಕೆ ಹೋದರು. ನಾನು ಅಲ್ಲೇ ಮರಳಿನ ಮೇಲೆ ಕೂತೆ.

ಮರುದಿನ ಮನಿಷಾ ಜ್ಯೂರಿಗೆ ಹೋದಳು. ಕೂಗಿನ ಪೋಸ್ಟರನ್ನು ಗೋಡೆಯಿಂದ ಇಳಿಸಿದಳು. ನಡುವೆ ಯಾಕೆ ಖಾಲಿ ಎಂದು ಪರೀಕ್ಷಕರು ಕೇಳಿದರಂತೆ. ಅಲ್ಲಿದ್ದದ್ದು ನನ್ನದಲ್ಲ ಎಂದಳಂತೆ. ಪಾಸಾದಳು. ಅವಳ ಕಾರವಾರದ ಅಕ್ಷರಗಳನ್ನು ಹೊಗಳಿ ಅದೇ ಕಾಲೇಜಿನಲ್ಲಿ ಮುಂದಿನ ಓದಿಗೆ ಕರೆದರು. ಇತ್ತ ರಾಜೀವ, ರೋಹಿತ ಜೊತೆಯಾಗಿ ಹೋಗಿ ವಿನೋದನ ಓಮ್ನಿಯ ಮುಂದೆ ನಿಂತರು. ಜಗಳವೇನೂ ಆಗಲಿಲ್ಲ. ಅವನು ಕೂಗು ತೆಗೆದು ಯಾವುದೋ ಹಾರ್ನು ಹಾಕಿಕೊಂಡ. ಹಾರ್ನಿಗೆ ನಮ್ಮ ಓಣಿಯಲ್ಲಿ ಯಾರೂ ಬಾಗಿಲು ತೆಗೆಯಲಿಲ್ಲ, ಅವನು ಬರುವುದನ್ನೇ ಬಿಟ್ಟ. ಓಣಿ ಮತ್ತೆ ಕಾಶಿಯದಾಯಿತು. ಇಲ್ಲಿಗೆ ಮುಗಿಯಿತು ಎಂದು ನಾನೂ ಅಂದುಕೊಂಡೆ.

ಆದರೆ ಕಾಶಿ ಕೂಗುವುದಿಲ್ಲ. ಬುಟ್ಟಿ ಹೊತ್ತು ಬರುತ್ತಾಳೆ, ಗೇಟಿನ ಚಿಲಕ ಬಡಿಯುತ್ತಾಳೆ, ಯಾರಾದರೂ ಬರುವತನಕ ನಿಲ್ಲುತ್ತಾಳೆ. ಹಿತ್ತಲಲ್ಲಿ ಇದ್ದವರಿಗೆ ಕೇಳುವುದಿಲ್ಲ, ಅವಳು ಮುಂದೆ ಹೋಗುತ್ತಾಳೆ. ಗಾಯತ್ರಿ ತಡೆಯಲಾರದೇ ಒಂದು ದಿನ ಕೇಳಿದಳು.

"ಬಾಯಿ ತೆಗೆದ್ರೆ ಆ ಮೊಬೈಲಿನ ದನಿಯೇ ಕೇಳ್ತದೆ, ಗಾಯತ್ರಕ್ಕ" ಎಂದಳು ಕಾಶಿ. "ಮುಂಚೆ ಸುಮ್ನೆ ಕೂಗ್ತಿದ್ದೆ. ಈಗ ಹೆಂಗೆ ಕೂಗುದು ಅಂದೇಳಿ ಯೋಚ್ನೆ ಬತ್ತದೆ. ಯೋಚ್ನೆ ಬಂದ್ರೆ ಕೂಗು ಬರುದಿಲ್ಲ."

ಮಗಳ ಮೇಲೆ ಅವಳಿಗೆ ಸಿಟ್ಟಿಲ್ಲ. ಮನೆಗೆ ಬಂದರೆ ಮೀನು ಹುರಿದು ಬಡಿಸುತ್ತಾಳೆ, ಬೈತಲೆ ತೆಗೆದು ಜಡೆ ಹಾಕುತ್ತಾಳೆ. ಸಿಟ್ಟಿದ್ದಿದ್ದರೆ ಹುಡುಗಿಗೆ ಸುಲಭವಾಗುತ್ತಿತ್ತೋ ಏನೋ. ತಾಯಿಯನ್ನು ಕೂಗು ಎಂದು ಕೇಳುವ ಧೈರ್ಯ ಅವಳಿಗಿಲ್ಲ. ಅದಕ್ಕೇ ದಿನಾ ಸಂಜೆ ಕಾಲೇಜು ಮುಗಿಸಿ ಮಾಜಾಳಿಯ ಬಸ್ಸು ಹತ್ತುವ ಮುಂಚೆ ನನಗೆ ಫೋನು ಮಾಡುತ್ತಾಳೆ. ಇವತ್ತು ಆಯಿ ಕೂಗಿದಳೇ ಎಂದು ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ. ಬಸ್ಸು ಬಂತು ಎಂದು ಫೋನು ಇಡುತ್ತಾಳೆ. ಮರುದಿನ ಮತ್ತೆ ಫೋನು.

ಮಳೆಗಾಲ ಕಳೆದು ದೋಣಿಗಳು ಮತ್ತೆ ನೀರಿಗಿಳಿದ ಮೇಲೂ ಇದು ನಿಲ್ಲಲಿಲ್ಲ. ಮೊನ್ನೆ ಅವಳ ದನಿ ತೀರ ಸಣ್ಣಗಿತ್ತು, ಜ್ವರ ಬಂದವರ ದನಿಯ ಹಾಗೆ. ಈ ಹುಡುಗಿ ಒಂದು ದಿನವಾದರೂ ಸಮಾಧಾನದಿಂದ ಬಸ್ಸು ಹತ್ತಲಿ ಎನ್ನಿಸಿತು.

"ಹೌದು ಮಗಾ, ಇವತ್ತು ಕೂಗಿದ್ಳು" ಎಂದೆ.

ಮನಿಷಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ ಮೆಲ್ಲಗೆ ಕೇಳಿದಳು.

"ಹೆಂಗೆ ಕೂಗಿದ್ಳು, ಭಾಸ್ಕರಣ್ಣ? ಒಂದ್ಸಲ ಕೂಗಿ ತೋರ್ಸಿ."

ನಾನು ಬಾಯಿ ತೆರೆದೆ, ಆ ಎರಡನೆಯ ಮೀನೇ ಎಲ್ಲಿ ತಿರುಗಬೇಕು ಎಂದು ಯೋಚನೆ ಬಂತು.